ಬದಿಯಡ್ಕದಲ್ಲಿ ಕೂತು ಒಳ್ಳೆ ಸ್ಪೀಕರ್ ಆರಿಸಿದ ಕಥೆ

ಕಳೆದ ವಾರ ಬಾಕಿ ದುಡ್ಡು ಕಟ್ಟಿ ಬಿಲ್ಲು ಕೈಗೆ ತಗೊಂಡೆ. ಹುಡುಕಾಟ ಶುರುವಾದದ್ದು ದೀಪಾವಳಿ ಹೊತ್ತಿಗೆ. ಮುಗಿಯುವಾಗ ಮಳೆಗಾಲ ಹಿಡಿದಾಗಿತ್ತು. ಇಷ್ಟು ಹೊತ್ತು ಯಾಕೆ ಹಿಡಿಯಿತು, ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡೆ ಎಂಬುದನ್ನು ಬಿಸಿ ಆರುವ ಮೊದಲೇ ಬರೆದಿಡುತ್ತಿದ್ದೇನೆ. ಬೆಂಗಳೂರಿನವರಿಗೆ ಇದರ ಅಗತ್ಯ ಅಷ್ಟಿಲ್ಲ. ಅಲ್ಲಿ ಒಂದು ಶನಿವಾರ ಆಟೋ ಹಿಡಿದರೆ ಮೂರು ನಾಲ್ಕು ಶೋರೂಮ್ ಮುಗಿಸಿ ಬರಬಹುದು. ನಮ್ಮ ಕಾಸರಗೋಡಿನ ಕಡೆಯವರ ಪಾಡು ಬೇರೆ. ಹತ್ತಿರದ ಅಂಗಡಿ ಮಂಗಳೂರಿನಲ್ಲಿ, ಅದು ಬೇರೆ ರಾಜ್ಯ. ನಮ್ಮದೇ ರಾಜ್ಯದ ದೊಡ್ಡ ಅಂಗಡಿ ಕೊಚ್ಚಿಯಲ್ಲಿ, ಅದಕ್ಕೆ ಒಂದು ಇಡೀ ದಿನ ಬೇಕು. ಪುಸ್ತಕ, ಪತ್ರಿಕೆಗಳಲ್ಲಿ ಸಿಗುವ ಸಲಹೆಯೆಲ್ಲ ತೆಳು ಗೋಡೆಯ, ದಪ್ಪ ಕಾರ್ಪೆಟ್ಟಿನ ವಿದೇಶಿ ಮನೆಗೆ ಹೇಳಿದ್ದು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ನಾಲ್ಕು ತಿಂಗಳ ಮಳೆ ಇದ್ದವರು ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ.

ನನ್ನ ಲೆಕ್ಕ ಇಷ್ಟಿತ್ತು. ಸ್ಪೀಕರ್, ಸ್ಟ್ಯಾಂಡ್, ವಯರ್ ಎಲ್ಲಾ ಸೇರಿ ಮೂರು ಲಕ್ಷದೊಳಗೆ ಮುಗಿಯಬೇಕು. ಆಂಪ್ಲಿಫೈಯರ್ ಹಳೆಯದೇ, 50 ವಾಟಿನದ್ದು. ಅದನ್ನು ಬದಲಿಸುವ ಮಾತಿಲ್ಲ. ಜಾಗ, ಮನೆಗೆ ಹೊಸದಾಗಿ ಸೇರಿಸಿ ಕಟ್ಟಿದ ಕಾಂಕ್ರೀಟ್ ಕೋಣೆ. ಚಾವಡಿಯಲ್ಲಿ ಇಡಬಾರದು ಅಂತ ಮನೆಯವಳ ಕಟ್ಟಾಜ್ಞೆ. ಚಾವಡಿಗೆ ಬಂದವರೆಲ್ಲ ಸ್ಪೀಕರಿನ ಮೇಲೆ ಕಾಫಿ ಲೋಟ ಇಡುತ್ತಾರೆ, ಅವಳು ಹೇಳಿದ್ದು ಸರಿಯೇ.

ಮೊದಲು ಮಾಡಿದ ಕೆಲಸವೆಂದರೆ ಕೇಳಲು ಏನು ಒಯ್ಯಬೇಕು ಅಂತ ತೀರ್ಮಾನಿಸಿದ್ದು. ಇದನ್ನು ಅಂಗಡಿಗೆ ಹೋಗುವ ಮೊದಲೇ ಮಾಡಿ. ನಮ್ಮ ಮನೆಯ ಚಾವಡಿಯಲ್ಲಿ ಒಮ್ಮೆ ತಾಳಮದ್ದಳೆ ಆಗಿತ್ತು. ಭಾಗವತರ ಒಪ್ಪಿಗೆ ಕೇಳಿ, ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರಿನಲ್ಲಿ ಅದನ್ನು ಹಿಡಿದಿಟ್ಟಿದ್ದೆ. ಚೆಂಡೆ, ಮದ್ದಳೆ, ಚಕ್ರತಾಳ, ಶ್ರುತಿ, ಭಾಗವತರ ಸ್ವರ ಎಲ್ಲವೂ ಅದರಲ್ಲಿ ಇದೆ. ಸ್ಟುಡಿಯೋದ ನಯ ಇಲ್ಲ. ಆದರೆ ಆ ರಾತ್ರಿ ನಾನು ಅಲ್ಲೇ ಎರಡು ಮಾರು ದೂರದಲ್ಲಿ ಕೂತಿದ್ದೆ. ಅಸಲಿ ಶಬ್ದ ಹೇಗಿತ್ತು ಅಂತ ನನಗೆ ಗೊತ್ತು, ಅಪ್ಪನಿಗೂ ಗೊತ್ತು. ಯಾರದೋ ದೇಶದ ಜಾಝ್ ಹಾಡಿನಲ್ಲಿ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ ಸರಿ ಬಂತಾ ಅಂತ ಕೇಳಿದರೆ ನಾನು ಏನು ಹೇಳಲಿ? ಡಬಲ್ ಬಾಸನ್ನು ಹತ್ತಿರದಿಂದ ಕೇಳಿದ್ದೇ ಇಲ್ಲ. ಇದರ ಜೊತೆಗೆ ಒಂದು ವೀಣೆ ಕಛೇರಿ, ಹೆಂಗಸಿನ ಸ್ವರದ ಒಂದು ಹಾಡು, ಮತ್ತು ಬರೀ ಮಾತಿನ ಒಂದು ರೆಕಾರ್ಡಿಂಗ್ ಪೆನ್‌ಡ್ರೈವಿಗೆ ಹಾಕಿಕೊಂಡೆ. ಮಾತು ಬಹಳ ಕಠಿಣ ಪರೀಕ್ಷೆ. ಮನುಷ್ಯರ ಮಾತು ಕೃತಕವಾದರೆ ಯಾವ ಕಿವಿಗೂ ತಕ್ಷಣ ಗೊತ್ತಾಗುತ್ತದೆ.

ಮಂಗಳೂರಿನ ಅಂಗಡಿಯಲ್ಲಿ ಎಸಿ ಕೋಣೆ, ಗೋಡೆಗೆಲ್ಲ ಬಟ್ಟೆ ಹೊದಿಸಿದ ಹಲಗೆ, ಮೆತ್ತನೆ ಸೋಫಾ. ಹುಡುಗ ಒಳ್ಳೆಯವನೇ. ಆದರೆ ಅವನದೇ ಹಾಡು, ಅವನದೇ ವಾಲ್ಯೂಮ್. ಒಂದು ಜೋಡಿ ಹಾಕುತ್ತಾನೆ, ಇನ್ನೊಂದಕ್ಕೆ ಬದಲಿಸುತ್ತಾನೆ, ಬೆಲೆ ಜಾಸ್ತಿ ಇದ್ದದ್ದು ಯಾವಾಗಲೂ ಸ್ವಲ್ಪ ಜೋರಾಗಿಯೇ ಕೇಳುತ್ತದೆ. ಇದರಲ್ಲಿ ಮೋಸ ಇರಲೇಬೇಕೆಂದಿಲ್ಲ. ಪ್ರತಿ ಸ್ಪೀಕರಿಗೂ ಸೆನ್ಸಿಟಿವಿಟಿ ಅಂತ ಒಂದಿರುತ್ತದೆ. ಒಂದು ನಿಗದಿತ ವೋಲ್ಟೇಜ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಶಬ್ದ ಬರುತ್ತದೆ ಎಂಬ ಲೆಕ್ಕ ಅದು. ಒಂದು 84, ಇನ್ನೊಂದು 90 ಇದ್ದರೆ, ವಾಲ್ಯೂಮ್ ಗುಂಡಿ ಮುಟ್ಟದೆ ಬದಲಿಸಿದಾಗ ಎರಡನೆಯದು 6 ಡೆಸಿಬಲ್ ಜೋರು. ನಮ್ಮ ಕಿವಿಗೆ ಸ್ವಲ್ಪ ಜೋರಾದದ್ದು ‘ಜೋರು’ ಅಂತ ಅನಿಸುವುದಿಲ್ಲ, ‘ಚೆಂದ’ ಅಂತ ಅನಿಸುತ್ತದೆ. ಬಾಸ್ ತುಂಬಿದ ಹಾಗೆ, ಸ್ವರ ಸ್ಪಷ್ಟವಾದ ಹಾಗೆ ಕಾಣುತ್ತದೆ. ಆದ್ದರಿಂದ ಫೋನಿನಲ್ಲಿ ಶಬ್ದ ಅಳೆಯುವ ಯಾವುದಾದರೂ ಆ್ಯಪ್ ಹಾಕಿಕೊಳ್ಳಿ. ಅದರ ಅಂಕಿ ನಿಖರ ಅಲ್ಲದಿದ್ದರೂ ಅಡ್ಡಿಯಿಲ್ಲ. ಒಂದೇ ಫೋನು, ಒಂದೇ ಜಾಗ, ಮಳೆ ಸುರಿದಂಥ ಒಂದೇ ಸದ್ದು. ಆ ಸದ್ದಿಗೆ ಪಿಂಕ್ ನಾಯ್ಸ್ ಅನ್ನುತ್ತಾರೆ, ಉಚಿತವಾಗಿ ಸಿಗುತ್ತದೆ. ಎರಡೂ ಸ್ಪೀಕರಿನಲ್ಲಿ ಅಂಕಿ ಸಮ ಬರುವ ಹಾಗೆ ವಾಲ್ಯೂಮ್ ಹೊಂದಿಸಿ, ಆಮೇಲೆ ಹಾಡು ಹಾಕಿ. ಅಂಗಡಿಯವರು ಮುಖ ಸಿಂಡರಿಸಬಹುದು. ಸಿಂಡರಿಸಲಿ, ದುಡ್ಡು ಕೊಡುವವರು ನೀವಲ್ವಾ?

ಆ ಕೋಣೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೆಲದ ಮೇಲೆ ನಿಲ್ಲುವ ಒಂದು ಎತ್ತರದ ಸ್ಪೀಕರ್. ಕೆಳಗಿನ ಶಬ್ದ ಕೊಡುವ ಆರೂವರೆ ಇಂಚಿನ ವೂಫರ್ ಎರಡು, ಹಿಂದೆ ಬಾಸಿನ ತೂತು. ಮದ್ದಳೆಯ ಎಡ ಬದಿಯ ಘುಂಕಾರ ಎದೆಗೆ ಬಂದು ತಾಗಿತು. ಎರಡನೆಯದಾಗಿ ಹಿಡಿಸಿದ್ದು ಕೆಫ್ ಕಂಪನಿಯ ಆರ್‌3 ಮೆಟಾ. ಇದು 2023ರಲ್ಲಿ ಬಂದದ್ದು, ಸ್ಟ್ಯಾಂಡಿನ ಮೇಲೆ ಇಡುವಂಥದ್ದು. ಇದರ ವಿಶೇಷ ಏನೆಂದರೆ, ಮೇಲಿನ ಶಬ್ದ ಕೊಡುವ ಸಣ್ಣ ಟ್ವೀಟರ್ ಪ್ರತ್ಯೇಕ ಇಲ್ಲ, ನಡು ಶಬ್ದ ಕೊಡುವ ಶಂಕುವಿನಾಕಾರದ ಕೋನಿನ ಮಧ್ಯದಲ್ಲೇ ಕೂತಿದೆ. ನಡುವಿನ ಶಬ್ದವೂ ಮೇಲಿನ ಶಬ್ದವೂ ಒಂದೇ ಬಿಂದುವಿನಿಂದ ಹೊರಡುತ್ತವೆ. ಬದಿಗೆ ಸರಿದು ಕೂತರೂ ಸ್ವರ ಅಷ್ಟಾಗಿ ಬದಲಾಗುವುದಿಲ್ಲ. ಈ ಗುಣದ ಬೆಲೆ ನನಗೆ ಆಗ ಗೊತ್ತಾಗಲಿಲ್ಲ.

ಕೊಚ್ಚಿಗೂ ಹೋಗಿ ಬಂದೆ. ವಂದೇ ಭಾರತ್ ಬಂದ ಮೇಲೆ ಕಾಸರಗೋಡಿನಿಂದ ಎರ್ನಾಕುಲಂ ಅಷ್ಟೊಂದು ದೂರ ಅನಿಸುವುದಿಲ್ಲ. ಕೊಚ್ಚಿಯಲ್ಲೇ ಸ್ಪೀಕರ್ ತಯಾರಿಸುವ ರೆಥ್ಮ್ ಎಂಬ ಕಂಪನಿ ಇದೆ. ಅದನ್ನು ಕಟ್ಟಿದ ಜೇಕಬ್ ಜಾರ್ಜ್ ವೃತ್ತಿಯಿಂದ ಆರ್ಕಿಟೆಕ್ಟ್. ಮಾರ್ಗ, ಭಾವ, ಸಾಧನಾ ಅಂತೆಲ್ಲ ಹೆಸರಿಟ್ಟು ಹೊರದೇಶಕ್ಕೂ ಕಳಿಸುತ್ತಾರೆ. ನಮ್ಮದೇ ರಾಜ್ಯದ್ದು ಅಂತ ನನಗೆ ಆಸೆ ಇದ್ದದ್ದು ನಿಜ. ಬಜೆಟ್ಟಿಗೆ ಕೂಡಿಬರಲಿಲ್ಲ. ನಿಮ್ಮ ಕೈ ನನ್ನದಕ್ಕಿಂತ ಉದ್ದ ಇದ್ದರೆ ಪಟ್ಟಿಗೆ ಸೇರಿಸಿಕೊಳ್ಳಿ. ಕೊಚ್ಚಿಯ ಅಂಗಡಿಗಳಲ್ಲಿ ಕೇಳಿದ್ದು ಕೇಳಿದ್ದಷ್ಟೇ. ಮನೆಗೆ ಕೊಟ್ಟು ಕಳಿಸಲು ಯಾರೂ ಒಪ್ಪಲಿಲ್ಲ.

ಮನೆಯಲ್ಲಿ ಕೇಳದೆ ಕೊಳ್ಳಬಾರದು ಅಂತ ಅಷ್ಟು ಹೊತ್ತಿಗೆ ನಿಶ್ಚಯವಾಗಿತ್ತು. ನನಗೆ ಹಿಡಿಸಿದ ಎರಡೂ ಜೋಡಿಯನ್ನು ಮನೆಗೆ ಕಳಿಸಲು ಮಂಗಳೂರಿನವರು ಒಪ್ಪಿದರು, ಆದರೆ ಷರತ್ತಿನ ಮೇಲೆ. ನಾಲ್ಕನೇ ಒಂದು ಪಾಲು ಮೊತ್ತಕ್ಕೆ ಸೆಕ್ಯುರಿಟಿ ಚೆಕ್, ಆಧಾರ್ ಪ್ರತಿ, ವಿಳಾಸದ ದಾಖಲೆ. ನಾನು ರೇಷನ್ ಕಾರ್ಡು ಒಯ್ದಿದ್ದೆ. ಅದು ಮಲಯಾಳದಲ್ಲಿದೆ, ಅಂಗಡಿಯಲ್ಲಿ ಓದುವವರು ಯಾರೂ ಇರಲಿಲ್ಲ. ಕೊನೆಗೆ ಆಧಾರಿನ ಹಿಂಬದಿಯ ಇಂಗ್ಲಿಷ್ ವಿಳಾಸವೇ ಸಾಕಾಯಿತು. ಗಡಿ ಕಡೆಯವರು ಇಂಗ್ಲಿಷಿನಲ್ಲಿರುವ ಒಂದು ದಾಖಲೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಇನ್ನು ಸಾಗಾಟ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊಳ್ಳದೆ, ಬರೀ ನೋಡಲು ಒಯ್ಯುವ ಸಾಮಾನಿಗೆ ಬಿಲ್ಲು ಹರಿಯುವುದಿಲ್ಲ. ಜಿಎಸ್‌ಟಿ ನಿಯಮದಲ್ಲಿ ಅದಕ್ಕೆ ‘ಒಪ್ಪಿಗೆಯ ಮೇಲೆ ಕಳಿಸಿದ ಸರಕು’ ಅಂತ ಬೇರೆ ದಾರಿ ಇದೆ. ಅಂಗಡಿಯವರು ಡೆಲಿವರಿ ಚಲನ್ ಬರೆದು ಕೊಡಬೇಕು. ನೀವು ಇಟ್ಟುಕೊಂಡರೆ ಆಗ ಬಿಲ್ಲು. ಹೇಗಿದ್ದರೂ ಆರು ತಿಂಗಳು ದಾಟಿದರೆ ಬಿಲ್ಲು ಮಾಡಲೇಬೇಕು. ಬೇರೆ ರಾಜ್ಯಕ್ಕೆ ಹೋಗುವ ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಚಲನಿನ ಜೊತೆ ಇ-ವೇ ಬಿಲ್ಲು ಎಂಬ ಸಾಗಾಟದ ಆನ್‌ಲೈನ್ ಪತ್ರವೂ ಬೇಕು. ಅದರ ಎರಡನೇ ಭಾಗದಲ್ಲಿ ವಾಹನದ ನಂಬರ್ ಇರುತ್ತದೆ. ನಮ್ಮ ಪೇಚು ಶುರುವಾದದ್ದು ಅಲ್ಲಿಂದ.

ಅಂಗಡಿಯವರು ಗೊತ್ತು ಮಾಡಿದ್ದ ಪಿಕಪ್ ಹೊರಡುವ ಹೊತ್ತಿಗೆ ಕೆಟ್ಟಿತು. ಬೇರೆ ಗಾಡಿ ಬಂತು, ಹಳೇ ನಂಬರಿನ ಕಾಗದದಲ್ಲೇ ಹೊರಟಿತು. ತಲಪಾಡಿ ದಾಟಿ ಸ್ವಲ್ಪ ಮುಂದೆ ಬರುವಾಗ ತೆರಿಗೆಯವರ ಗಸ್ತು ವಾಹನ ಕೈ ಅಡ್ಡ ಹಾಕಿತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಮಾರಾಟ ತೆರಿಗೆಯ ಚೆಕ್‌ಪೋಸ್ಟ್ ಹೋಯಿತು, ಇನ್ನು ಯಾರೂ ಕೇಳುವುದಿಲ್ಲ ಅಂತ ಹಲವರು ಅಂದುಕೊಂಡಿದ್ದಾರೆ. ದಾರಿಯಲ್ಲಿ ನಿಲ್ಲಿಸಿ ಕೇಳುವ ಅಧಿಕಾರ ಅವರಿಗೆ ಈಗಲೂ ಇದೆ. ಅಧಿಕಾರಿ ಸಮಾಧಾನದ ಮನುಷ್ಯ. “ನಂಬರ್ ಸರಿ ಮಾಡಿಸಿ, ಕಾಯ್ತೇನೆ” ಅಂದರು. ಅಂಗಡಿಯವರಿಗೆ ಫೋನ್ ಮಾಡಿದರೆ, ಲೆಕ್ಕಪತ್ರ ನೋಡುವವರು ಊಟಕ್ಕೆ ಹೋಗಿದ್ದಾರೆ. ಹೆದ್ದಾರಿಯ ಧೂಳು, ಏಪ್ರಿಲ್ ಬಿಸಿಲು, ಗಾಡಿಯಲ್ಲಿ ಬೇರೆಯವರ ಐದು ಲಕ್ಷದ ಸಾಮಾನು. ಡ್ರೈವರ್ ಆರಾಮಾಗಿ ಬೊಂಡ ಕುಡಿಯುತ್ತಿದ್ದ. ನನಗೆ ನೀರೂ ಇಳಿಯಲಿಲ್ಲ. ಎರಡು ಗಂಟೆ ಕಳೆದು ಹೊಸ ನಂಬರ್ ಏರಿತು, ಬಿಟ್ಟರು. ದಂಡ ಬೀಳಲಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ಗಾಡಿ ಹೊರಡುವ ಮೊದಲು ಕಾಗದದಲ್ಲಿರುವ ನಂಬರನ್ನು ಗಾಡಿಯ ಪ್ಲೇಟಿನ ಜೊತೆ ನೀವೇ ನಿಂತು ಹೋಲಿಸಿ. ಅವಧಿಯನ್ನೂ ನೋಡಿ. ಇ-ವೇ ಬಿಲ್ಲು 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಚಾಲ್ತಿಯಲ್ಲಿರುತ್ತದೆ, ನಮ್ಮ ದಾರಿಗೆ ಧಾರಾಳ ಸಾಕು. ಹಿಂದೆ ಕಳಿಸುವಾಗ ಮತ್ತೆ ಬೇರೆ ಕಾಗದ ಬೇಕು, ಅದನ್ನೂ ಮೊದಲೇ ಮಾತಾಡಿಕೊಳ್ಳಿ.

ಮೂರನೇ ಜೋಡಿಗೆ ಈ ತಲೆಬಿಸಿ ಇರಲಿಲ್ಲ. ಪುತ್ತೂರಿನ ಸ್ನೇಹಿತರೊಬ್ಬರು ಅವರ ಸ್ವಂತ ಹಾರ್ಬೆತ್ ಪಿ3ಇಎಸ್ಆರ್ ಜೋಡಿಯನ್ನು ಎರವಲು ಕೊಟ್ಟರು. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ಲಿನಿಂದ ವಿನಾಯಿತಿ ಇದೆ. ಕಾರಿನ ಹಿಂದಿನ ಸೀಟಿನಲ್ಲಿ ಎರಡಕ್ಕೂ ಬೆಲ್ಟ್ ಹಾಕಿ ತಂದೆ. ಬಹಳ ಸಣ್ಣ ಪೆಟ್ಟಿಗೆ, ತೂತಿಲ್ಲದ್ದು. ಹಾರ್ಬೆತ್ ಕಂಪನಿಯನ್ನು 1977ರಲ್ಲಿ ಶುರು ಮಾಡಿದ ಡಡ್ಲಿ ಹಾರ್ವುಡ್ ಮೊದಲು ಬಿಬಿಸಿಯಲ್ಲಿ ಇದ್ದವರು. ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳಲು 1970ರ ದಶಕದಲ್ಲಿ ಎಲ್ಎಸ್3/5ಎ ಎಂಬ ಪುಟ್ಟ ಸ್ಪೀಕರ್ ಮಾಡಿಸಿದ್ದರು. ಇದು ಅದೇ ಗಾತ್ರದ, ಅದೇ ದಾರಿಯದ್ದು.

ಹೊಸ ಕೋಣೆಯಲ್ಲಿ ಎತ್ತರದ ಜೋಡಿಯನ್ನು ನಿಲ್ಲಿಸಿ ತಾಳಮದ್ದಳೆ ಹಾಕಿದೆ. ಅಪ್ಪ ಬಾಗಿಲಲ್ಲೇ ನಿಂತು ಕೇಳಿದರು. “ಇದು ಭಾಗವತರ ಸ್ವರವೇ ಅಲ್ಲ ಮಾರಾಯ. ಕೊಡಪಾನದೊಳಗೆ ಕೂತು ಹೇಳಿದ ಹಾಗುಂಟು.”

ಸರಿಯಾಗಿಯೇ ಹೇಳಿದರು. ಮಂಗಳೂರಿನಲ್ಲಿ ಎದೆಗೆ ತಾಗಿದ ಮದ್ದಳೆ ಇಲ್ಲಿ ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದರ ಮೇಲೆ ಬಿದ್ದು ಬರೀ ‘ಗುಂಯ್’ ಅನ್ನುತ್ತಿತ್ತು. ಶ್ರುತಿ ಎಲ್ಲಿ, ಸ್ವರ ಎಲ್ಲಿ ತಿಳಿಯದು. ಕೆಫ್ ಹಾಕಿದರೆ ಸ್ವಲ್ಪ ಕಡಿಮೆ, ಆದರೆ ಅದೇ ಕಥೆ. ಸ್ಪೀಕರುಗಳ ದೋಷ ಇದಲ್ಲ, ಕೋಣೆಯದ್ದು. ಲೆಕ್ಕ ಸುಲಭ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಅದರ ಅರ್ಧವನ್ನು ಕೋಣೆಯ ಉದ್ದದಿಂದ ಭಾಗಿಸಿದರೆ ಯಾವ ಸ್ವರ ಆ ಎರಡು ಗೋಡೆಗಳ ನಡುವೆ ಸಿಕ್ಕಿಬಿದ್ದು ಮೊಳಗುತ್ತದೆ ಅಂತ ಸಿಗುತ್ತದೆ. ನನ್ನ ಹೊಸ ಕೋಣೆಯ ಉದ್ದ 4.8 ಮೀಟರ್, ಅಂದರೆ 36 ಹರ್ಟ್ಸ್, ಸೆಕೆಂಡಿಗೆ 36 ಕಂಪನ. ಅಗಲ 3.6, ಅಂದರೆ 48. ಎತ್ತರ 3, ಅಂದರೆ 57.5. ಇವುಗಳ ದುಪ್ಪಟ್ಟು, ಮುಪ್ಪಟ್ಟುಗಳೂ ಬರುತ್ತವೆ. ವಿದೇಶದ ತೆಳು ಹಲಗೆಯ ಗೋಡೆ ಬಾಸಿಗೆ ಸ್ವಲ್ಪ ಅಲುಗುತ್ತದೆ, ಒಂದಷ್ಟನ್ನು ನುಂಗುತ್ತದೆ, ಒಂದಷ್ಟನ್ನು ಆಚೆ ಬಿಡುತ್ತದೆ. ಗಾರೆ ಹಾಕಿದ ಕೆಂಪುಕಲ್ಲಿನ ಗೋಡೆ, ಮೇಲೆ ಕಾಂಕ್ರೀಟ್, ಕೆಳಗೆ ಟೈಲ್ಸ್ ಇದ್ದರೆ ಬಾಸಿಗೆ ಹೋಗಲು ದಾರಿಯೇ ಇಲ್ಲ.

ಕಣ್ಣಿಗೆ ಕಾಣಲಿ ಅಂತ ಅಳೆದೂ ನೋಡಿದೆ. ರೂಮ್ ಇಕ್ಯೂ ವಿಝರ್ಡ್ ಎಂಬ ತಂತ್ರಾಂಶ ಉಚಿತ. ಅದಕ್ಕೆ ಬೇಕಾದ ಯುಎಸ್‌ಬಿ ಮೈಕನ್ನು ಪುತ್ತೂರಿನ ಅದೇ ಸ್ನೇಹಿತರು ಕೊಟ್ಟರು. ಕೆಳಗಿನ ಸ್ವರದಿಂದ ಮೇಲಿನವರೆಗೆ ಒಂದೇ ಸಮನೆ ಏರುವ ‘ವೂ’ ಸದ್ದು ಬಿಟ್ಟು, ಕೂರುವ ಜಾಗದಲ್ಲಿ ಮೈಕ್ ಇಡಬೇಕು. ಗ್ರಾಫಿನಲ್ಲಿ 48ರ ಹತ್ತಿರ ಒಂದು ಗುಡ್ಡ ಎದ್ದಿತ್ತು. ಆ ಸ್ವರ ಬಂದಾಗಲೆಲ್ಲ ಗೋಡೆಯ ಕಪಾಟಿನ ಗಾಜು ಝರ್ ಅನ್ನುತ್ತಿತ್ತು. ದೇವರ ಪಟದ ಹಿಂದೆ ಒಂದು ಮೊಳೆ ಸಡಿಲ ಇದ್ದದ್ದೂ ಹಾಗೆಯೇ ಪತ್ತೆಯಾಯಿತು. ಸ್ಪೀಕರ್ ಹಾಳು ಅಂತ ತೀರ್ಪು ಕೊಡುವ ಮೊದಲು ಇಂಥ ಅಲುಗುವ ಸಾಮಾನುಗಳನ್ನು ಹುಡುಕಿ. ಕಪಾಟಿಗೆ ರಟ್ಟು ತುರುಕಿದರೆ ಅರ್ಧ ಕಿರಿಕಿರಿ ಹೋಗುತ್ತದೆ.

ಸ್ಪೀಕರನ್ನು ಗೋಡೆಯಿಂದ ಮುಂದೆ ತಂದೆ. ಕುರ್ಚಿಯನ್ನು ನಡುಮಧ್ಯದಿಂದಲೂ ಹಿಂದಿನ ಗೋಡೆಯಿಂದಲೂ ಬಿಡಿಸಿ ಹಾಕಿದೆ. ಅಟ್ಟದಲ್ಲಿದ್ದ ಬೂರುಗದ ಹತ್ತಿಯ ಹಳೇ ಹಾಸಿಗೆಗಳನ್ನು ಸುರುಳಿ ಸುತ್ತಿ ಮೂಲೆಗಳಿಗೆ ನಿಲ್ಲಿಸಿದೆ. ಚಪ್ಪಾಳೆ ತಟ್ಟಿದಾಗ ಬರುತ್ತಿದ್ದ ಮಾರ್ದನಿ ಚೆನ್ನಾಗಿ ಇಳಿಯಿತು, ಮಾತು ಸ್ಪಷ್ಟವಾಯಿತು. ಆದರೆ ಆ 48ರ ಗುಡ್ಡ ಅಲ್ಲಾಡಲಿಲ್ಲ. ಅಷ್ಟು ಕೆಳಗಿನ ಬಾಸನ್ನು ಹಾಸಿಗೆ ಹಿಡಿಯುವುದಿಲ್ಲ.

ಅಪ್ಪನೇ ದಾರಿ ತೋರಿಸಿದರು, ಅದೂ ಸುಮ್ನೆ ಮಾತಿಗೆ. “ಹಳೇ ಮನೆಯ ಅಡಿಕೆ ಕೋಣೆಯಲ್ಲಿ ಇಟ್ಟು ನೋಡು. ಚಾವಡಿಗೆ ಇದ್ದ ಹಾಗೆ ಅಲ್ಲಿಯೂ ಮುಚ್ಚಿಗೆ ಉಂಟಲ್ಲ.” ಅಡಿಕೆ ಕೋಣೆ ಅಂದರೆ ಮಾರುವ ಮೊದಲು ಸುಲಿದ ಅಡಿಕೆಯ ಮೂಟೆ ಇಡುವ ಜಾಗ. ಉದ್ದ ಅಗಲ ಹೊಸ ಕೋಣೆಯಷ್ಟೇ. ಮೇಲೆ ಮರದ ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ, ಆಮೇಲೆ ಹಂಚು. ನೆಲ ರೆಡ್ ಆಕ್ಸೈಡಿನದ್ದು. ಅಲ್ಲಿಗೆ ಸಾಗಿಸಿ ಹಾಕಿದಾಗ ಆದ ವ್ಯತ್ಯಾಸ ಎಷ್ಟೆಂದರೆ, ಅಷ್ಟು ದಿನ ಸ್ಪೀಕರ್ ಸ್ಪೀಕರ್ ಅಂತ ಓಡಾಡಿದ್ದಕ್ಕೆ ನನಗೇ ನಗು ಬಂತು. ಯಾವ ಎರಡು ಸ್ಪೀಕರಿನ ನಡುವೆಯೂ ಅಷ್ಟು ವ್ಯತ್ಯಾಸ ನಾನು ಕೇಳಿರಲಿಲ್ಲ. ಮರದ ಹಲಗೆ, ಅದರ ಹಿಂದೆ ಟೊಳ್ಳು ಜಾಗ. ಬಾಸ್ ಬಂದಾಗ ಹಲಗೆ ನವಿರಾಗಿ ಅಲುಗಿ ಅದನ್ನು ಹೀರಿಕೊಳ್ಳುತ್ತದೆ. ಸ್ಟುಡಿಯೋದವರು ದುಡ್ಡು ಕೊಟ್ಟು ಮಾಡಿಸುವ ಪ್ಯಾನೆಲ್‌ಗಳ ತತ್ತ್ವವೂ ಇದೇ. ಗುಡ್ಡ ಪೂರ್ತಿ ಹೋಗಲಿಲ್ಲ, ಆದರೆ ದಿಬ್ಬವಾಗಿ ಕುಗ್ಗಿತು. ಮದ್ದಳೆಯ ಪೆಟ್ಟುಗಳು ಒಂದೊಂದಾಗಿ ಬಿಡಿಸಿ ಕೇಳಿದವು. ಹಳೇ ಮನೆ ಇನ್ನೂ ನಿಂತಿರುವವರು ಹೊಸ ಕೋಣೆ ಕಟ್ಟಿಸುವ ಮೊದಲು ಅಲ್ಲೇ ಒಮ್ಮೆ ಪ್ರಯತ್ನಿಸಿ. ಅಪ್ಪನ ಷರತ್ತು ಒಂದೇ, ಮೂಟೆಗಳು ಅಲ್ಲೇ ಇರಬೇಕು. ಹಿಂದಿನ ಗೋಡೆಗೆ ಒತ್ತಾಗಿ ಜೋಡಿಸಿದೆವು. ಕೋಣೆ ಪೂರ್ತಿ ಅಡಿಕೆಯ ಘಾಟು. ನನಗೆ ಅದು ಅಭ್ಯಾಸ.

ಈಗ ಮೂರನ್ನೂ ಒಟ್ಟಿಗೆ ಹೋಲಿಸುವ ಕೆಲಸ. ನೋಡಿಕೊಂಡು ಕೇಳಿದರೆ ಗಾತ್ರ, ಬೆಲೆ, ಹೊಳಪು ಎಲ್ಲವೂ ಕಿವಿಗೆ ಇಳಿಯುತ್ತವೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಶಬ್ದ ಸಂಶೋಧಕರು 1994ರಲ್ಲಿ ಇದನ್ನೇ ಪರೀಕ್ಷಿಸಿ ತೋರಿಸಿದ್ದರು. ಅದೇ ಜನ, ಅದೇ ಸ್ಪೀಕರು. ಕಣ್ಣಿಗೆ ಕಂಡಾಗ ಕೊಟ್ಟ ಅಂಕ, ಕಾಣದಿದ್ದಾಗ ಬದಲಾಯಿತು. ಹಾಗಾಗಿ ನಾವು ಅಡ್ಡ ಹಗ್ಗ ಕಟ್ಟಿ ತೆಳು ಬೆಡ್‌ಶೀಟ್ ಇಳಿಬಿಟ್ಟೆವು. ಅಕ್ಕನ ಮಗ ಹಿಂದೆ ನಿಂತು ವಯರ್ ಬದಲಿಸುವವನು. “ಮಾವ, ತೆರೆ ಪ್ರವೇಶಕ್ಕೆ ಚೆಂಡೆ ಬಾರಿಸ್ಲಾ?” ಅಂತ ಅವನ ತಮಾಷೆ ಬೇರೆ. ಶಬ್ದದ ಮಟ್ಟ ಮೂರಕ್ಕೂ ಅರ್ಧ ಡೆಸಿಬಲ್ ಒಳಗೆ ಸರಿಹೊಂದಿಸಿ ಗುಂಡಿಗೆ ಗುರುತು ಹಾಕಿಟ್ಟಿದ್ದೆ. ಬಟ್ಟೆ ಆದಷ್ಟು ತೆಳು ಇರಲಿ. ದಪ್ಪ ಇದ್ದರೆ ಮೇಲಿನ ಸ್ವರಗಳನ್ನು ಅದೇ ತಿಂದುಬಿಡುತ್ತದೆ.

ಕೇಳಿದವರು ಅಪ್ಪ, ನನ್ನ ಹೆಂಡತಿ, ಮದ್ದಳೆ ನುಡಿಸಲು ಬರುವ ನೆರೆಮನೆಯ ಭಾವ, ಮತ್ತು ನಾನು. ಭಾವ ಬಹಳ ಉಪಯೋಗಕ್ಕೆ ಬಂದರು. ಅವರು ಬಾಸ್, ಟ್ರೆಬಲ್ ಅಂತ ಮಾತಾಡುವವರಲ್ಲ. “ಇದರಲ್ಲಿ ಮದ್ದಳೆಗೆ ಚರ್ಮ ಉಂಟು. ಅದರಲ್ಲಿ ಬರೀ ಶಬ್ದ” ಅಂದರು. ಒಂದು ಜೋಡಿಯಲ್ಲಿ ಚಕ್ರತಾಳದ ‘ಛಣ್’ ಹೊಡೆದ ಕೂಡಲೇ ಚೂಪಾಗಿ ಕಿವಿಗೆ ಚುಚ್ಚಿ ನಿಂತುಬಿಡುತ್ತದೆ ಅಂತ ದೂರಿದರು. ಕಂಚಿನ ತಾಳ ಹೊಡೆದ ಮೇಲೆ ಒಂದು ಬಾಲ ಇರುತ್ತದೆ, ಅದು ಮೆಲ್ಲ ತೆಳುವಾಗುತ್ತ ಹೋಗಬೇಕು. ಆ ಬಾಲವನ್ನು ಹಿಡಿದೇ ಅವರು ಆರಿಸಿದ್ದು.

ಪಿ3ಇಎಸ್ಆರ್ ಸ್ವರಕ್ಕೆ ಎಲ್ಲರಿಂದಲೂ ಮೊದಲ ಅಂಕ ಪಡೆಯಿತು. ಪದ ಎತ್ತುವ ಮೊದಲು ಭಾಗವತರು ಸಣ್ಣಗೆ ಉಸಿರೆಳೆದುಕೊಳ್ಳುತ್ತಾರಲ್ಲ, ಅದು ಅವರೇ ಎದುರು ಕೂತಷ್ಟು ಸಹಜ. ಚೆಂಡೆ ಬಂದಾಗ ಮಾತ್ರ ಅಳತೆ ಸಾಲದು. ಕೆಫ್ ಸ್ವರದಲ್ಲಿ ಎರಡನೆಯದು, ಒಟ್ಟಿನಲ್ಲಿ ಮೊದಲನೆಯದು. ಎತ್ತರದ ಜೋಡಿಗೆ ಮತ ಹಾಕಿದವನು ನಾನೊಬ್ಬನೇ, ಅದೂ ಒಂದೇ ಹಾಡಿಗೆ. ಅಪ್ಪ ಎಲ್ಲರ ಹಾಗೆ ನಡುವೆ ಕೂರುವುದಿಲ್ಲ, ಬದಿಯ ಆರಾಮ ಕುರ್ಚಿಯೇ ಆಗಬೇಕು. ಅಲ್ಲಿಂದ ಸ್ವರ ಕೆಡದೆ ಕೇಳಿದ್ದು ಕೆಫ್‌ನಲ್ಲಿ ಮಾತ್ರ. ಒಂದೇ ಬಿಂದುವಿನಿಂದ ಶಬ್ದ ಹೊರಡುವುದರ ಬೆಲೆ ಆಗ ತಿಳಿಯಿತು.

ತೀರ್ಮಾನ ಆಗುವಷ್ಟರಲ್ಲಿ ಮಳೆ ಹಿಡಿಯಿತು. ಅದೇ ಕೊನೆಯ ಪರೀಕ್ಷೆ. ಜೂನಿನ ಜಡಿಮಳೆ ಹಂಚಿಗೆ ಹೊಡೆಯುವಾಗ ಫೋನಿನ ಅಂಕಿ ಹಾಡಿಲ್ಲದೆಯೇ 60 ದಾಟುತ್ತದೆ. ಅಂಗಡಿಯ ನಿಶ್ಶಬ್ದದಲ್ಲಿ ಕೇಳಿದ ನವುರು ವಿವರಗಳೆಲ್ಲ ಮಳೆಯಡಿಯಲ್ಲಿ ಮುಳುಗುತ್ತವೆ. ವಾಲ್ಯೂಮ್ ಏರಿಸಲೇಬೇಕು. 10 ಡೆಸಿಬಲ್ ಏರಿಸಲು ಆಂಪ್ ಹತ್ತು ಪಟ್ಟು ವಾಟ್ ಕೊಡಬೇಕಾಗುತ್ತದೆ. ಪಿ3ಇಎಸ್ಆರ್ 83.5 ಡೆಸಿಬಲಿನದ್ದು, ಆರ್‌3 ಮೆಟಾ 87ರದ್ದು. ಆ ಮೂರೂವರೆ ಡೆಸಿಬಲ್ ಅಂದರೆ ನನ್ನ 50 ವಾಟಿನ ಆಂಪಿಗೆ ಎರಡು ಪಟ್ಟಿಗೂ ಮಿಕ್ಕಿದ ಬಲ ಸಿಕ್ಕಿದಷ್ಟು. ಪುಟ್ಟ ಸ್ಪೀಕರಿನ ಸ್ವರದ ಮೇಲೆ ನನಗೆ ಈಗಲೂ ಮೋಹ ಇದೆ. ಟೆರೇಸ್ ಮನೆಯವರು, ರಾತ್ರಿ ಮೆಲ್ಲ ಕೇಳುವವರು ಕಣ್ಣು ಮುಚ್ಚಿ ಅದನ್ನೇ ತರಬಹುದು. ನನ್ನ ಮಾಡಿನಡಿಗೆ ಅದು ಹೇಳಿದ್ದಲ್ಲ.

ಮಳೆಗಾಲದ ಇನ್ನೆರಡು ಮಾತು. ಹಿಂದಿನ ಬಾಸ್ ತೂತು ಕುಂಬಾರ ಕಣಜಕ್ಕೆ ಬಲು ಇಷ್ಟ. ಪರೀಕ್ಷೆಗೆ ತಂದಿಟ್ಟ ಜೋಡಿಯೊಂದರಲ್ಲಿ ಮಣ್ಣಿನ ಗೂಡು ಶುರುವಾಗಿಯೇ ಬಿಟ್ಟಿತ್ತು. ಕೇಳದಿರುವಾಗ ತೂತಿಗೆ ಸ್ಪಂಜಿನ ಉಂಡೆ ತುರುಕಿಡಿ. ಗೋಡೆಗೆ ತೀರಾ ಹತ್ತಿರ ಇಡಬೇಕಾಗಿ ಬಂದರೆ ಕೇಳುವಾಗಲೂ ಅದು ಇರಲಿ, ಬಾಸ್ ಹದಕ್ಕೆ ಬರುತ್ತದೆ. ಇನ್ನೊಂದು, ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ. ಕೋನಿನ ಸುತ್ತ ಇರುವ ಅಂಚು ಫೋಮಿನದ್ದಾದರೆ ನಮ್ಮ ತೇವಕ್ಕೆ ಕೆಲವು ವರ್ಷದಲ್ಲಿ ಪುಡಿಪುಡಿಯಾಗುತ್ತದೆ. ರಬ್ಬರಿನದ್ದೇ ನೋಡಿ. ಪೆಟ್ಟಿಗೆಯ ಮೇಲಿನ ತೆಳು ಮರದ ಹೊದಿಕೆಗೆ, ಅಂದರೆ ವೆನೀರಿಗೆ, ಬೂಸ್ಟು ಬಂದರೆ ಒಣ ಬಟ್ಟೆ ಸಾಕು. ಪ್ಲಾಸ್ಟಿಕ್ ಮಾತ್ರ ಹೊದಿಸಬೇಡಿ, ಒಳಗೆ ಬೆವರುತ್ತದೆ.

ಹೀಗೆ ಕೆಫ್ ಅಂತ ನಿಶ್ಚಯವಾಯಿತು. ಕೊಳ್ಳುವ ದಿನ ಅಂಗಡಿಯವರು ಪರೀಕ್ಷೆಗೆ ಕೊಟ್ಟ ಜೋಡಿಯನ್ನೇ ರಿಯಾಯಿತಿಯಲ್ಲಿ ಇಟ್ಟುಕೊಳ್ಳಿ ಅಂದರು. ರಿಯಾಯಿತಿ ತೀರಾ ಕಡಿಮೆ, ಹಾಗಾಗಿ ಸೀಲ್ ಒಡೆಯದ ಪೆಟ್ಟಿಗೆಯನ್ನೇ ಕೇಳಿದೆ. ಪೆಟ್ಟಿಗೆಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಚೀಟಿ ಇರಲೇಬೇಕು. ಇಲ್ಲದಿದ್ದರೆ ಅದು ಬೇರೆ ದಾರಿಯಲ್ಲಿ ಬಂದ ಮಾಲು, ವಾರಂಟಿ ಸಿಗುವುದು ಕಷ್ಟ. ಎರಡೂ ಸ್ಪೀಕರಿನ ಹಿಂಬದಿಯ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಸ್ಟ್ಯಾಂಡಿಗೆ ಕಂಪನಿಯವರ ಬೆಲೆ ಕೇಳಿ ತಲೆ ತಿರುಗಿತು. ನಮ್ಮೂರ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಚೌಕ ಪೈಪಿನದ್ದು ಮಾಡಿಸಿದೆ. ಕೂತಾಗ ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವಷ್ಟು ಎತ್ತರ. ಒಳಗೆ ಬಿಸಿಲಿಗೆ ಒಣಗಿಸಿದ ಹೊಯಿಗೆ ತುಂಬಿಸಿದೆ. ಜೋಡಿಗೆ 5,500 ರೂಪಾಯಿ. ಬೆರಳಲ್ಲಿ ತಟ್ಟಿದರೆ ‘ಟಕ್’ ಅನ್ನುತ್ತದೆ, ‘ಠಣ್’ ಅನ್ನುವುದಿಲ್ಲ. ಅಷ್ಟು ಸಾಕು. ಹೋಗಿ ಬರುವ ಸಾಗಾಟಕ್ಕೆ ಒಟ್ಟು 7,000 ಹತ್ತಿರ ಆಯಿತು. ಅಡಿಕೆ ಕೋಣೆಗೆ ಬೇರೆ ಲೈನ್ ಎಳೆದು, ಸರಿಯಾದ ಅರ್ತಿಂಗ್ ಕೊಡಿಸಲು 4,000. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗಿಗೆ ಯಾವ ಸ್ಟೆಬಿಲೈಸರೂ ಗ್ಯಾರಂಟಿ ಅಲ್ಲ, ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳುವುದೇ.

ಪರೀಕ್ಷೆಗೆ ತಂದ ಎರಡೂ ಜೋಡಿ ವಾಪಸು ಹೋದವು, ಈ ಸಲ ನಂಬರ್ ನಾನೇ ಎರಡೆರಡು ಸಲ ನೋಡಿ ಕಳಿಸಿದೆ. ಸೆಕ್ಯುರಿಟಿ ಚೆಕ್ ಕೇಳಿದಾಗ “ಹರಿದು ಹಾಕ್ತೇವೆ ಸಾರ್” ಅಂದರು. ಬೇಡ ಅಂದು ಕೈಗೇ ತಗೊಂಡು ಬಂದೆ, ನೀವೂ ಹಾಗೇ ಮಾಡಿ. ಕಂಪನಿಯ ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್ ಎರಡನ್ನೂ ವಾರಂಟಿ ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ರಿಪೇರಿಗೆ ಕಳಿಸುವಾಗ ತೊಂದರೆ. ಅಟ್ಟದಲ್ಲಿ ಇಲಿ ಕಾಟ ಇರುವುದರಿಂದ ನಾನು ಅವನ್ನು ಹೊಸ ಕಾಂಕ್ರೀಟ್ ಕೋಣೆಯಲ್ಲಿ ಇಟ್ಟಿದ್ದೇನೆ. ಸದ್ಯಕ್ಕೆ ಆ ಕೋಣೆಗೆ ಬೇರೆ ಕೆಲಸ ಇಲ್ಲ.